ಸುತ್ತಿ ಬರುವ ಆರು ಅಂಕಿ

ಮೊನ್ನೆ ಮಗಳ ಶಾಲೆಗೆ ಹೋದಾಗ ಸೀಮೆಸುಣ್ಣದ ವಾಸನೆ ಬಡಿದದ್ದೇ ತಡ, ಪಾಂಡವಪುರದ ನಮ್ಮ ಐದನೇ ತರಗತಿ ನೆನಪಾಯಿತು. ಲೆಕ್ಕದ ಮೇಷ್ಟ್ರು ಯಾರನ್ನೂ ನಂಬುತ್ತಿರಲಿಲ್ಲ. ನಶ್ಯ ಏರಿಸುತ್ತಲೇ ಉತ್ತರ ಬರೆದುಕೊಂಡಿದ್ದೇವೇನೋ ಎಂದು ನಮ್ಮ ಅಂಗೈಗಳನ್ನು ತಿರುಗಿಸಿ ನೋಡುತ್ತಿದ್ದರು.

ಒಂದು ದಿನ 142857ನ್ನು ಐದರಿಂದ ಗುಣಿಸಲು ಕೊಟ್ಟರು. ಪಕ್ಕದಲ್ಲಿದ್ದ ಗೆಳತಿ ನೂರುನ್ನೀಸಾ ಐದರಿಂದ ಗುಣಿಸದೆಯೇ ಸ್ಲೇಟಿನಲ್ಲಿ 714285 ಎಂದು ಬರೆದಳು.

“ಯಾರ್ದು ನೋಡ್ಕಂಡೆ?” ಮೇಷ್ಟ್ರು ಗದರಿದರು.

“ಯಾರ್ದೂ ಇಲ್ಲ ಸಾ. ಎಲ್ಡ್ರಿಂದ, ಮೂರ್ರಿಂದ ಗುಣಿಸ್ನೋಡ್ದೆ. ಅವೇ ಅಂಕಿ ಸುತ್ತಾಕಂಡು ಬತ್ತವೆ. ಏಳೈದ್ಲಿ ಮೂವತ್ತೈದು, ಕೊನೇಲಿ ಐದು ಬರ್ಬೇಕಲ್ವಾ, ಅಲ್ಲಿಗೆ ನಿಲ್ಲಿಸ್ದೆ.”

ಅವರು ನಂಬಲಿಲ್ಲ. ನನಗೂ ಅನುಮಾನ. ನನ್ನ ಸ್ಲೇಟನ್ನೇ ಇಣುಕಿ ನೋಡಿದ್ದಳೇ?

ಮೇಷ್ಟ್ರು ಅವಳನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿ, “ಏಳ್ರಿಂದ ಗುಣ್ಸು. ತಪ್ಪಾದ್ರೆ ತಾಲ್ಲೂಕು ಲೆಕ್ಕದ ಸ್ಪರ್ಧೆಗೆ ಕಳ್ಸಕಿಲ್ಲ” ಅಂದರು.

ಅವಳು ತುಟಿಯಲ್ಲೇ ಎಣಿಸಿದಳು. “ಈ ಸಲ ಸುತ್ತಕಿಲ್ಲ ಸಾ. ಎಲ್ಲಾ ಒಂಬತ್ತೇ.”

ಮೇಷ್ಟ್ರು ಬೋರ್ಡಿನಲ್ಲಿ ಗುಣಿಸಿದರು. 999999. ಅಳಿಸಿ ಮತ್ತೆ ಗುಣಿಸಿದರು. ಕೊನೆಗೆ ಸೀಮೆಸುಣ್ಣವನ್ನು ಅವಳ ಕೈಗಿಟ್ಟು, “ಅದ್ಯಾಕಂಗಾಯ್ತದೆ, ಒಸಿ ಬುಡ್ಸಿ ಯೇಳವ್ವ” ಎಂದು ನಮ್ಮ ಬೆಂಚಿನಲ್ಲಿ ನನ್ನ ಪಕ್ಕವೇ ಕೂತರು.

ಇತ್ತ ಮಗಳ ಟೀಚರು ಮಗಳ ಲೆಕ್ಕದ ಪುಸ್ತಕ ತೋರಿಸಿ, “ಇದನ್ನ ಇವಳೇ ಮಾಡಿದ್ದಾ?” ಎಂದು ನನ್ನನ್ನು ಕೇಳುತ್ತಿದ್ದರು.

“ಅವಳನ್ನೇ ಕೇಳಿ ಮೇಡಂ” ಅಂದೆ.