ಬಸ್ ಸ್ಟಾಪಿನ ಗೋಧಿಬಣ್ಣದ ಗಿರಿಜಾ ಮಿಸ್

ಕುರುಬರಹಳ್ಳಿಯ ಹೈಸ್ಕೂಲೊಂದರಲ್ಲಿ ಗಿರಿಜಾದೇವಿ ಹತ್ತೊಂಬತ್ತು ವರ್ಷದಿಂದ ಪಿ.ಟಿ. ಮಿಸ್. ಎಣ್ಣೆಗಪ್ಪು ಮೈಬಣ್ಣ, ಗದ್ದದ ಮೇಲೆ ಕಬಡ್ಡಿ ಆಡುವಾಗ ಬಿದ್ದು ಹಾಕಿಸಿಕೊಂಡ ಆರು ಹೊಲಿಗೆಯ ಗುರುತು. ನೋಡಲು ಬಂದ ಗಂಡುಗಳು ಇವೆರಡನ್ನೂ ಕಂಡು, ಉಪ್ಪಿಟ್ಟು ತಿಂದು ಎದ್ದು ಹೋಗಿದ್ದರು. ಮದುವೆಯ ಮಾತು ಬಿಟ್ಟ ಮೇಲೆ ಅವಳು ಹುಡುಗಿಯರನ್ನು ಬಿಸಿಲಿಗಿಳಿಸಿ ಕಬಡ್ಡಿ ಕಲಿಸಿದಳು. ಅವಳ ಕೈಯಲ್ಲಿ ಪಳಗಿದ ಮೂವರು ರಾಜ್ಯ ತಂಡಕ್ಕೂ ಆಡಿದರು.

ಹೋದ ವರ್ಷ ಮುಖಕ್ಕೆ ಹಚ್ಚುವ ಕ್ರೀಮ್ ಕಂಪನಿಯೊಂದರವರು ಶಾಲೆಗೆ ಬಂದರು. ಹೆಣ್ಣುಮಕ್ಕಳಲ್ಲಿ ಆತ್ಮವಿಶ್ವಾಸ ತುಂಬುವ ಕಾರ್ಯಕ್ರಮವಂತೆ. ನಿಮ್ಮ ರೋಲ್ ಮಾಡೆಲ್ ಯಾರು ಅಂತ ಚೀಟಿ ಕೊಟ್ಟು ಬರೆಸಿದರು. ಒಂಬತ್ತನೇ ಕ್ಲಾಸಿನ ಹೇಮಶ್ರೀ, ಕಬಡ್ಡಿ ತಂಡದಲ್ಲೇ ಚುರುಕಿನ ರೇಡರ್, ಬರೆದಳು: 'ಗಿರಿಜಾ ಮಿಸ್. ಅವರೂ ನನ್ನ ಥರಾನೇ ಕಪ್ಪು. ಆದ್ರೆ ಯಾರಿಗೂ ಹೆದರಲ್ಲ.'

ಅದನ್ನು ಓದಿ ಗಿರಿಜಾದೇವಿ ಆಟದ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಕಂಪನಿಯವರು ಕೇಳಿದಾಗ ಜಾಹೀರಾತಿಗೆ ಫೋಟೋ ತೆಗೆಸಿಕೊಳ್ಳಲು ಒಪ್ಪಿದ್ದೂ ಆ ಚೀಟಿಗೋಸ್ಕರವೇ. ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕಿದಳು.

ಎರಡು ತಿಂಗಳಿಗೆ ಡಾ. ರಾಜ್‌ಕುಮಾರ್ ರಸ್ತೆಯ ಬಸ್ ಸ್ಟಾಪಿನಲ್ಲಿ ಅವಳ ಫೋಟೋ ಬಂತು. ಹುಡುಗಿಯರೆಲ್ಲ ಅವಳನ್ನು ಎಳಕೊಂಡೇ ಹೋದರು. ಗೋಧಿಬಣ್ಣದ ಹೆಂಗಸೊಬ್ಬಳು ವಿಸಿಲ್ ಹಿಡಿದು ನಗುತ್ತಿದ್ದಳು. ಗದ್ದ ನುಣ್ಣಗಿತ್ತು. ಕೆಳಗೆ ದಪ್ಪಕ್ಷರದಲ್ಲಿ, 'ನೀನು ಇರೋ ಹಾಗೇ ಚೆಂದ.'

ಹೇಮಶ್ರೀ ಬಹಳ ಹೊತ್ತು ನೋಡಿದಳು. "ಮಿಸ್, ಆ ಕ್ರೀಮು ಎಷ್ಟು ದಿನ ಹಚ್ಚಿದ್ರಿ?"

"ನಾನೇನೂ ಹಚ್ಚಿಲ್ಲ ಕಣೇ."

ಹುಡುಗಿ ನಂಬಲಿಲ್ಲ.

ಕಂಪನಿಗೆ ಫೋನ್ ಮಾಡಿದರೆ, "ಅದು ಬರೀ ಲೈಟಿಂಗ್ ಮೇಡಂ, ಎಲ್ರಿಗೂ ಮಾಡ್ತೀವಿ" ಅಂದರು. ಹೆಡ್‌ಮಿಸ್ ವೆಂಕಟಲಕ್ಷ್ಮಮ್ಮ ಗದರಿದರು: "ಹುಡುಗೀರಿಗೆ ಟಾಯ್ಲೆಟ್ ಕಟ್ಟಿಸ್ಕೊಡ್ತಾ ಇದಾರೆ ಗಿರಿಜಾ. ಚೆನ್ನಾಗಿ ಕಾಣಿಸಿದ್ದಕ್ಕೆ ಯಾರಾದ್ರೂ ಜಗಳ ತೆಗೀತಾರಾ?" ನೀರಿರುವ ಒಂದು ಟಾಯ್ಲೆಟ್ ಬೇಕೆಂದು ಹದಿನೈದು ವರ್ಷ ಅರ್ಜಿ ಬರೆದವಳು ಗಿರಿಜಾದೇವಿಯೇ. ಕಂಪನಿಗೆ ಮತ್ತೆ ಫೋನ್ ಮಾಡಲಿಲ್ಲ.

ಬೇಸಿಗೆ ರಜೆ ಕಳೆದು ಶಾಲೆ ತೆರೆದರೂ ಹೇಮಶ್ರೀ ಪ್ರಾಕ್ಟೀಸಿಗೆ ಬರಲಿಲ್ಲ. ಮನೆಗೆ ಹೋದಾಗ ಅವಳ ತಾಯಿ ಬಸವ್ವ, ಗದಗದ ಕಡೆಯವಳು, ಚಹಾ ಕೊಟ್ಟು ಹೇಳಿದಳು: "ಬಿಸಿಲಾಗ ಬರಂಗಿಲ್ಲ ಅಂತಾಳ್ರೀ. ನೀವು ನೋಡಿದ್ರ ಫೋಟೋದಾಗ ಬೆಳ್ಳಗಾಗೀರಿ. ನಮ್ಮ ಹುಡುಗಿ ಯಾಕ ಇನ್ನೂ ಕಪ್ಪಾಗ್ಬೇಕ್ರೀ?"

ಹೇಮಶ್ರೀ ಒಳಕೋಣೆಯಿಂದ ಆಚೆ ಬರಲೇ ಇಲ್ಲ. ಗಿರಿಜಾದೇವಿ ಚಹಾ ಕುಡಿದು ಎದ್ದು ಬಂದಳು.

ಆ ಸಲ ತಂಡ ಮೊದಲ ಸುತ್ತಿನಲ್ಲೇ ಸೋತಿತು. ಟಾಯ್ಲೆಟ್ ಉದ್ಘಾಟನೆಯ ದಿನ ಕಂಪನಿಯವರು ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅವಳು ಹೊದಿಸಿಕೊಂಡಳು.