ಅವ್ವ ಓಟು ಕೇಳಿದ ಕಣಿವೆ

ಎಜ್‌ವೇರ್‌ನ ನಮ್ಮ ಬೀದಿಯಲ್ಲಿ ಹಾಲಿನ ಬಾಟಲಿಗಳು ಇನ್ನೂ ಮನೆಬಾಗಿಲಿಗೇ ಬರುತ್ತಿದ್ದ ದಿನಗಳವು. ಅಪ್ಪನಿಗೆ ಹೌನ್ಸ್ಲೋದಲ್ಲಿ, ವಿಮಾನ ನಿಲ್ದಾಣದ ಪಕ್ಕದ ಸರಕು ಕಂಪನಿಯಲ್ಲಿ ಕೆಲಸ. ಅವ್ವ ಜಿಪಿ, ಎಂದರೆ ಊರಿನವರ ಎಲ್ಲ ಕಾಯಿಲೆಗೂ ಮೊದಲು ನೋಡುವ ಡಾಕ್ಟರು. ಅವಳ ದವಾಖಾನೆ ಇದ್ದದ್ದು ಲಂಡನ್ನಿನ ಗಡಿಯಾಚೆ, ಮೋಟರ್‌ವೇ ದಾಟಿ ಉತ್ತರಕ್ಕೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ. ಇಂಗ್ಲಿಷ್ ಡಾಕ್ಟರುಗಳು ಯಾರೂ ಅಲ್ಲಿಗೆ ಹೋಗಲು ಒಪ್ಪದಿದ್ದಾಗ, ಧಾರವಾಡದಲ್ಲಿ ಓದಿ ಬಂದ ಅವ್ವ ಒಪ್ಪಿದ್ದಳು.

ಶಾಲೆಗೆ ರಜೆ ಬಂದರೆ ನಾನೂ ಅವಳ ಜೊತೆ ಹೋಗುತ್ತಿದ್ದೆ. ಒದ್ದೆ ಉಣ್ಣೆಯ ಕೋಟು, ನಾಯಿ, ಫಿನಾಯಿಲು ಎಲ್ಲ ಕಲೆತ ಆ ಕೋಣೆಯ ವಾಸನೆ ನನಗೆ ಹಬ್ಬದ ವಾಸನೆಯಷ್ಟೇ ಇಷ್ಟವಾಗಿತ್ತು. ಬಂದವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಪ್ಲಮ್ ಹಣ್ಣಿನ ಜಾಮು, ಮಣ್ಣು ಮೆತ್ತಿದ ಗಜ್ಜರಿ, ಇನ್ನೂ ಬೆಚ್ಚಗಿದ್ದ ಕೋಳಿಮೊಟ್ಟೆ. ಮೊಟ್ಟೆ ತರುತ್ತಿದ್ದವರು ಮಿಸೆಸ್ ಪಾರ್ಕರ್, ಕೆಳಗಿನ ಫಾರ್ಮಿನವರು. ಅವರ ಗಂಡನ ಬೆನ್ನ ಮೇಲಿದ್ದ ಮಚ್ಚೆಯನ್ನು ಕಂಡು ಕ್ಯಾನ್ಸರಿರಬಹುದೆಂದು ಅನುಮಾನಪಟ್ಟು ಅದೇ ವಾರ ಆಸ್ಪತ್ರೆಗೆ ಅಟ್ಟಿದವಳು ಅವ್ವ. ಇನ್ನು ಸ್ವಲ್ಪ ತಡವಾಗಿದ್ದರೆ ಆತ ಉಳಿಯುತ್ತಿರಲಿಲ್ಲವೆಂದು ಮಿಸೆಸ್ ಪಾರ್ಕರ್ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ನನಗೆ ಹತ್ತು ತುಂಬಿದ ಚಳಿಗಾಲದಲ್ಲಿ ಆ ದವಾಖಾನೆಯನ್ನು ಸರಕಾರ ಮುಚ್ಚುತ್ತದೆಂಬ ಸುದ್ದಿ ಬಂತು. ರೋಗಿಗಳೆಲ್ಲ ಇನ್ನು ಸಂತೆ ಪಟ್ಟಣದ ದೊಡ್ಡ ಆರೋಗ್ಯ ಕೇಂದ್ರಕ್ಕೆ ಹೋಗಬೇಕಂತೆ. ಬಸ್ಸಿಲ್ಲದ ಹಳ್ಳಿಯಿಂದ ಮುದುಕರು ಹೇಗೆ ಹೋಗಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಹಳ್ಳಿಯ ಸಭಾಭವನದಲ್ಲಿ ಜನ ಸೇರಿದರು. ಅವರ ಪಾರ್ಲಿಮೆಂಟ್ ಸದಸ್ಯನನ್ನು ಕರೆದಿದ್ದರೂ ಅವನು ಬರಲಿಲ್ಲ. ಆಗ ಮಿಸೆಸ್ ಪಾರ್ಕರ್ ಎದ್ದು ನಿಂತು, "ಈ ಸಲ ನೀವೇ ನಿಲ್ಲಿ, ಡಾಕ್ಟರ್. ಈ ಕಣಿವೆ ಪೂರ್ತಿ ನಿಮ್ಮ ಹಿಂದಿದೆ" ಅಂದರು. ಚಪ್ಪಾಳೆಯ ಸದ್ದಿಗೆ ಟೀ ಕಪ್ಪುಗಳು ಅದುರಿದವು. ಅವ್ವನ ಮುಖ ಕೆಂಪಾಯಿತು.

ಕಾರಿನಲ್ಲಿ ಮನೆಗೆ ಬರುವಾಗ ಅಪ್ಪ ತಮ್ಮ ಮೈಸೂರು ಶೈಲಿಯಲ್ಲಿ ಮೆಲ್ಲಗೆ ಶುರು ಮಾಡಿದರು. "ಶೈಲಾ, ಇವತ್ತು ಬರದೇ ಇದ್ದೋನ ಪಕ್ಷದೋರು ಇಲ್ಲಿ ಒಂದು ಲೈಟ್ ಕಂಬ ತಂದು ನಿಲ್ಲಿಸಿದ್ರೂ ಜನ ಗೆಲ್ಲಿಸ್ತಾರೆ ಕಣೇ."

"ಲೈಟ್ ಕಂಬ ಅವರ ಮಕ್ಕಳ ಜ್ವರಾ ನೋಡೇದೇನ್ರೀ? ನಾ ನೋಡೀನಿ. ನಿಂದ್ರತೀನಿ," ಅಂದಳು ಅವ್ವ. ಹಾಗೆ ಪಕ್ಷೇತರಳಾಗಿ ನಿಂತಳು.

ಅಂದಿನಿಂದ ನಮ್ಮ ಊಟದ ಮೇಜಿನ ಮೇಲೆ ಆ ಕ್ಷೇತ್ರದ ನಕ್ಷೆ ಹರಡಿಕೊಂಡಿತು. ತಟ್ಟೆಗಳನ್ನು ಅದರ ಮೇಲೆಯೇ ಇಟ್ಟು ಉಣ್ಣುತ್ತಿದ್ದೆವು. ಮೇಲೆ ಸುಣ್ಣಕಲ್ಲಿನ ಗುಡ್ಡದ ಸಾಲು. ಅಲ್ಲಿ ಕುದುರೆ ಸಾಕುವವರು, ದೊಡ್ಡ ಮನೆಗಳು. ಕೆಳಗೆ ಒಂದು ತೊರೆ, ಅದರ ಎರಡೂ ದಡಕ್ಕೆ ಗೋಧಿ ಹೊಲ ಮತ್ತು ಫಾರ್ಮುಗಳು. ಅದು ಅವ್ವನ ಕಣಿವೆ. ತೊರೆ ಹರಿದು ಹೋಗುವ ಕಡೆ ರೈಲು ನಿಲ್ದಾಣವಿರುವ ಸಂತೆ ಪಟ್ಟಣ, ಅದರ ಹಿಂದೆ ಬಡವರಿಗೆ ಕಡಿಮೆ ಬಾಡಿಗೆಗೆ ಕೊಡುವ ಕೌನ್ಸಿಲ್ ಮನೆಗಳು. ಪಟ್ಟಣದವರು ಯಾವಾಗಲೂ ಎದುರು ಪಕ್ಷಕ್ಕೆ ಹಾಕುವರು. ಗುಡ್ಡದವರು, ಕಣಿವೆಯವರು ಸೇರಿ ಪ್ರತಿ ಸಲವೂ ಅವರನ್ನು ಮುಳುಗಿಸುವರು. ಮಿಸೆಸ್ ಪಾರ್ಕರ್ ಅವರ ಅಜ್ಜನ ಕಾಲದಿಂದಲೂ ಅಲ್ಲಿ ಗೆದ್ದದ್ದು ಒಂದೇ ಪಕ್ಷ. ಹೊಲಗಳನ್ನು ಸೀಳಿ ಮೋಟರ್‌ವೇ ಬಂದಾಗ ಮಾತ್ರ ಕಣಿವೆಯವರು ಮುನಿದು, ಆ ಪಕ್ಷ ಅಲ್ಪ ಅಂತರದಲ್ಲಿ ಪಾರಾಗಿತ್ತಂತೆ.

"ಒಮ್ಮೆ ಸಿಟ್ಟಿಗೆದ್ದ ಮಂದಿ ಇನ್ನೊಮ್ಮೆ ಏಳೂದಿಲ್ಲೇನು?" ಅವ್ವ ನಕ್ಷೆಯ ಮೇಲೆ ಬೆರಳಾಡಿಸುತ್ತ ಕೇಳುತ್ತಿದ್ದಳು. ಅಪ್ಪ ಸಾರು ಬಡಿಸಿಕೊಳ್ಳುತ್ತಿದ್ದರು.

ವಸಂತ ಬಂತು. ಶನಿವಾರ, ಭಾನುವಾರ ನಾವು ಮೂವರೂ ಮನೆಮನೆ ತಿರುಗಿದೆವು. ಸಾಸಿವೆಯಂಥ ಹಳದಿ ಹೂವಿನ ಹೊಲಗಳು ಆಗ ಅರಳಿದ್ದವು. ಅವುಗಳ ಸಿಹಿಗಮಟು ವಾಸನೆಗೆ ಇಂದಿಗೂ ನನಗೆ ತಲೆನೋವು ಬರುತ್ತದೆ. ಮಧ್ಯಾಹ್ನ ಕಾರಿನಲ್ಲೇ ಕುಳಿತು ಕಟಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದೆವು. ತಮ್ಮ ಓಟು ಯಾರಿಗೆಂದು ಸಾರಲು ಜನ ಗೇಟಿನಲ್ಲಿ ಫಲಕ ನೆಡುತ್ತಿದ್ದರು. ಮುಂದಿನ ಗೇಟಿನಲ್ಲಿ ಯಾವ ಬಣ್ಣದ್ದು ಇರುತ್ತದೆಂದು ಊಹಿಸುವುದು ಅಪ್ಪನ ಮತ್ತು ನನ್ನ ಆಟ. ಮೊದಮೊದಲು ಅವ್ವನ ಹಸಿರು ಫಲಕಗಳು ಕಾಣುತ್ತಿದ್ದವು. ನಾನು ಕಿರುಚುತ್ತಿದ್ದೆ.

ಆಮೇಲೆ ಅವು ಒಂದೊಂದಾಗಿ ಮಾಯವಾದವು. ಕರೆಗಂಟೆ ಒತ್ತಿದರೆ ಒಳಗೆ ಟಿವಿಯ ಸದ್ದು ನಿಲ್ಲುತ್ತಿತ್ತು, ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಅವ್ವ ಕೈಯಾರೆ ಲಸಿಕೆ ಹಾಕಿದ್ದ ಮಗುವನ್ನು ಎತ್ತಿಕೊಂಡಿದ್ದ ಒಬ್ಬ ತಂದೆ, "ನಮಗೆ ಲಂಡನ್ನಿನವರು ಬೇಡ" ಎಂದು ಮುಖಕ್ಕೇ ಹೇಳಿ ಬಾಗಿಲು ಬಡಿದ. ಆ ಮಾತು ಕಣಿವೆಯ ತುಂಬ ಓಡಾಡುತ್ತಿತ್ತು: ಡಾಕ್ಟರ್ ಇಲ್ಲಿ ಮಲಗುವವಳಲ್ಲ, ಸಂಜೆಯಾದರೆ ಲಂಡನ್ನಿಗೆ ಓಡುವವಳು. ಲಂಡನ್ನಿನಲ್ಲಿ ಅಷ್ಟು ವರ್ಷ ಬಾಳಿದ ಅವ್ವನನ್ನು ಲಂಡನ್ನಿನವಳು ಎಂದು ಯಾರೂ ಒಪ್ಪಿರಲಿಲ್ಲ. ಮೊದಲ ಸಲ ಒಪ್ಪಿದವರು ಇವರು, ಅದೂ ಬೈಗುಳವಾಗಿ. ಅದರ ಹಿಂದೆ ಇದ್ದ, ಬಾಯಿಬಿಟ್ಟು ಹೇಳದ ಇನ್ನೊಂದು ಮಾತು ಹತ್ತು ವರ್ಷದ ನನಗೂ ಕೇಳಿಸುತ್ತಿತ್ತು.

ಮತದಾನಕ್ಕೆ ಮುಂಚಿನ ಭಾನುವಾರ ಪಾರ್ಕರ್ ಫಾರ್ಮಿಗೆ ಹೋದೆವು. ಗೇಟಿನಲ್ಲಿ ಸದಾ ಗೆಲ್ಲುವ ಆ ಪಕ್ಷದ ಫಲಕ ನಿಂತಿತ್ತು. ಅಪ್ಪ ಕಾರು ತಿರುಗಿಸಲು ಹೋದರು. ಅವ್ವ "ನಿಲ್ಲಸ್ರೀ" ಅಂದಳು. ನನ್ನ ಕೈ ಹಿಡಿದುಕೊಂಡು ಇಳಿದಳು.

ಮಿಸೆಸ್ ಪಾರ್ಕರ್ ಬಾಗಿಲು ತೆರೆದರು. ನಾಚಿಕೆ ಇರಲಿ, ಮುಜುಗರವೂ ಇರಲಿಲ್ಲ.

"ನೀವೇ ನನ್ನನ್ನು ನಿಲ್ಲಿ ಅಂದಿರಿ," ಅಂದಳು ಅವ್ವ.

"ಅಂದೆ. ಆಗ ಸಿಟ್ಟಿತ್ತು. ನೋಡಿ ಡಾಕ್ಟರ್, ನೀವು ನಮಗೆ ಬೇಕು. ನಿಮ್ಮಂಥ ಡಾಕ್ಟರ್ ಸಿಗುವುದಿಲ್ಲ. ಆದರೆ ಪಾರ್ಲಿಮೆಂಟಿಗೆ ನಮ್ಮವರು ಯಾರಾದರೂ ಹೋಗಬೇಕಲ್ಲವೇ?"

"ದವಾಖಾನೆ ಮುಚ್ಚಿದ ಮೇಲೆ ನಾನು ಹೇಗೆ ಸಿಗುತ್ತೇನೆ?"

"ಅದೆಲ್ಲ ಹೇಗೋ ಆಗುತ್ತದೆ" ಎಂದು ಒಳಗೆ ಹೋಗಿ ಮೊಟ್ಟೆಗಳ ಬುಟ್ಟಿ ತಂದು ನನ್ನ ಕಡೆ ಚಾಚಿದರು. ನಾನು ಕೈ ಮುಂದೆ ಮಾಡಿದೆ.

"ಬ್ಯಾಡ," ಅಂದಳು ಅವ್ವ ನನಗೆ, ಕನ್ನಡದಲ್ಲಿ. ಆಮೇಲೆ ಅವರಿಗೆ ಇಂಗ್ಲಿಷಿನಲ್ಲಿ, "ನಾನು ಇವತ್ತು ಡಾಕ್ಟರಾಗಿ ಬಂದಿಲ್ಲ." ಅಂಗಳ ದಾಟುವವರೆಗೂ ಅವಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳುಗಳು ನೋಯುತ್ತಿದ್ದವು.

ಎಣಿಕೆ ನಡೆದದ್ದು ಮತದಾನದ ಮರುದಿನ ಮಧ್ಯಾಹ್ನ, ಸಂತೆ ಪಟ್ಟಣದ ಕ್ರೀಡಾ ಕೇಂದ್ರದಲ್ಲಿ. ಪಕ್ಕದ ಈಜುಕೊಳದ ಕ್ಲೋರಿನ್ ವಾಸನೆ ಒಳಗೆಲ್ಲ ಹರಡಿತ್ತು. ನನ್ನನ್ನು ಗಾಜಿನ ಬಾಗಿಲಾಚೆ ಕೂರಿಸಿದ್ದರು. ಅಪ್ಪ ಹೊರಗೆ ಬಂದು ನನ್ನ ಪಕ್ಕ ಕೂತರು.

"ಅವ್ವ ಸೋತ್ಳಾ?"

"ಸೋತ್ಳು ಪುಟ್ಟಿ. ಪಟ್ಟಣದ ಕೌನ್ಸಿಲ್ ಮನೆಯೋರು ಅಷ್ಟಿಷ್ಟು ಹಾಕಿದಾರೆ. ಅವಳ ದವಾಖಾನೆ ಇರೋ ಊರಿನ ಪೆಟ್ಟಿಗೇಲೇ ಏನೂ ಇರ್ಲಿಲ್ಲ." ಅಪ್ಪ ಅಳುವುದನ್ನು ನಾನು ಕಂಡದ್ದು ಅಂದೇ.

ಫಲಿತಾಂಶ ಓದುವಾಗ ನನ್ನನ್ನೂ ಒಳಗೆ ಬಿಟ್ಟರು. ಗೆದ್ದವನು, ಅಂದು ಸಭೆಗೆ ಬಾರದಿದ್ದ ಅದೇ ಮನುಷ್ಯ, "ನಮ್ಮ ಪ್ರೀತಿಯ ಡಾಕ್ಟರ್‌ಗೂ ವಂದನೆ" ಅಂದ. ಜನ ಚಪ್ಪಾಳೆ ತಟ್ಟಿದರು. ಸಭಾಭವನದಲ್ಲಿ ತಟ್ಟಿದ ಕೈಗಳೇ ಇಲ್ಲೂ ತಟ್ಟುತ್ತಿದ್ದವು. ಅವ್ವ ಮೈಕಿನ ಹತ್ತಿರ ಬಂದಳು.

"ಸೋಮವಾರ ಬೆಳಿಗ್ಗೆ ದವಾಖಾನೆ ತೆರೆದಿರುತ್ತದೆ. ಇನ್ನೆಷ್ಟು ಸೋಮವಾರ ತೆರೆದಿರುತ್ತದೆ ಎಂಬುದನ್ನು ನೀವು ನಿನ್ನೆ ತೀರ್ಮಾನಿಸಿದ್ದೀರಿ."

ಈ ಸಲ ಯಾರೂ ತಟ್ಟಲಿಲ್ಲ.

ಸೋಮವಾರ ಅವ್ವ ಹೋದಳು. ಬಾಗಿಲು ಬಡಿದವನ ಮಗುವಿನ ಕಿವಿನೋವನ್ನೂ ನೋಡಿದಳು. ಆದರೆ ಮೊದಲಿನಂತೆ ಯಾರ ಹಸುವಿನ ಸುದ್ದಿಯನ್ನೂ ಕೇಳಲಿಲ್ಲ, ಜಾಮು ಮುಟ್ಟಲಿಲ್ಲ. ಮುಂದಿನ ವರ್ಷ ದವಾಖಾನೆ ಮುಚ್ಚಿತು. ಅದೇ ವಾರ ಮಿಸೆಸ್ ಪಾರ್ಕರ್ ನಮ್ಮ ಮನೆಗೆ ಫೋನ್ ಮಾಡಿದರು. ಗಂಡನಿಗೆ ಪಟ್ಟಣದವರೆಗೆ ಹೋಗಲು ಆಗುತ್ತಿಲ್ಲ, ಏನಾದರೂ ಮಾಡಿ ಎಂದು. ಅವ್ವ ಪೂರ್ತಿ ಕೇಳಿಸಿಕೊಂಡು, ಪಟ್ಟಣದ ಕೇಂದ್ರದ ನಂಬರು ಹೇಳಿ ಫೋನಿಟ್ಟಳು.

ಈಗ ಆ ಕ್ಷೇತ್ರವೇ ಇಲ್ಲ. ಗಡಿಗಳನ್ನು ಹೊಸದಾಗಿ ಎಳೆದಾಗ ಗುಡ್ಡ ಒಂದು ಕಡೆ, ಪಟ್ಟಣ ಇನ್ನೊಂದು ಕಡೆ ಸೇರಿದವು. ದವಾಖಾನೆ ಯಾರದೋ ವಾರಾಂತ್ಯದ ಮನೆಯಾಗಿದೆ. ಆ ಯಾರೋ ಲಂಡನ್ನಿನವರೇ. ಇದನ್ನು ಕೇಳಿ ನಾನು ನಕ್ಕೆ, ಒಳ್ಳೆಯ ನಗುವಲ್ಲ ಅದು. ನಾನು ಅವರನ್ನು ಕ್ಷಮಿಸಿಲ್ಲ.

ಆ ಊರಿಗಾಗಿ ನನಗೆ ದುಃಖವಿಲ್ಲ. ಆ ಸಭೆಯ ದಿನ ಚಪ್ಪಾಳೆಯ ನಡುವೆ ಕೆಂಪಾದ ಅವ್ವನ ಮುಖಕ್ಕಾಗಿ ಇದೆ. ಬಸ್ ಸ್ಟಾಪಿನಲ್ಲಿ ನಿಂತ ಅಪರಿಚಿತರ ಮೊಣಕಾಲು ನೋವನ್ನೂ ವಿಚಾರಿಸುತ್ತಿದ್ದವಳು ಅವಳು. ಕಳೆದ ಚುನಾವಣೆಯಲ್ಲಿ ಎಜ್‌ವೇರ್‌ನ ನಮ್ಮ ಬಾಗಿಲಿಗೆ ಓಟು ಕೇಳುತ್ತ ಒಬ್ಬಳು ಹುಡುಗಿ ಬಂದಳು, ಮಳೆಯಲ್ಲಿ ನೆನೆದು, ಹಲ್ಲು ಕಟಕಟಿಸುತ್ತ. ಅವ್ವ ಪರದೆಯ ಸಂದಿಯಿಂದ ನೋಡಿದಳು.

"ಮನ್ಯಾಗ ಯಾರೂ ಇಲ್ಲಂತ ಹೇಳು," ಅಂದಳು.

ನಾನು ಹೋಗಿ ಹಾಗೇ ಹೇಳಿದೆ.