ಇಳೀರಿ ಎಂದದ್ದು

ದೇಸಾಯರ ಕುದುರೆಯ ಕಾಲು ಕೆಡಿಸಿದವನು ನಾನು. ದಸ್ತಗೀರಸಾಬರಲ್ಲ. ಇಷ್ಟು ಬರೆಯಲು ನಾಲ್ವತ್ತು ವರ್ಷ ಹಿಡಿಯಿತು. ನನ್ನ ಕೈಬರಹ ಮೊದಲಿನಿಂದಲೂ ನಿಧಾನ.

ದೇಸಾಯರು ನನ್ನ ಕಾಕಾ. ಎರಡನೇ ಮಹಾಯುದ್ಧ ಸುರುವಾಗುವ ಹಿಂದಿನ ವರ್ಷ, ಶಿಗ್ಗಾವಿಯಿಂದ ಹಿರೇಕೆರೂರಿನ ಬೀಗರ ಮನೆಗೆ ಕುದುರೆಯ ಮೇಲೆಯೇ ಹೋಗುವುದೆಂದು ನಿಶ್ಚಯಿಸಿದರು. ಕುದುರೆಯೋ ನಿಂತಲ್ಲೇ ತಿಂದು ಕೊಬ್ಬಿತ್ತು. ಅದಕ್ಕೆ ದಮ್ಮು ಬರಿಸಲು ಸವಣೂರಿನಿಂದ ದಸ್ತಗೀರಸಾಬರನ್ನು ಕರೆಸಿದರು. ಮುದುಕರ ಪದ್ಧತಿ ಒಂದೇ — ದಿನಾ ಗುಡ್ಡ ಹತ್ತಿಸುವುದು. ಅವರ ಮೊಣಕಾಲು ಹೋಗಿದ್ದರಿಂದ ಸವಾರಿ ನನ್ನ ಪಾಲಿಗೆ ಬಂತು.

"ಸಣ್ಣ ಧಣ್ಯಾರ, ಏರುವಾಗ ಮ್ಯಾಲ ಕುಂದರ್ರಿ. ಇಳಿಯುವಾಗ ಇಳೀರಿ," ಎಂದರು.

ಅಂದರೆ, ಇಳಿಜಾರಿನಲ್ಲಿ ಮುಂಗಾಲಿಗೆ ಭಾರ ಬೀಳಬಾರದು. ನಾನು ಕೆಳಗಿಳಿದು, ಲಗಾಮು ಹಿಡಿದು ನಡೆಸಿಕೊಂಡು ಬರಬೇಕು. ನನಗೆ ಚೆನ್ನಾಗಿ ತಿಳಿದಿತ್ತು. ಒಂದು ತಿಂಗಳು ಹಾಗೆಯೇ ಮಾಡಿದೆ.

ಆ ತಿಂಗಳು — ಹೇಗೆ ಹೇಳಲಿ — ದೇವರ ಮುಂದೆಯೂ ಪೂರ್ತಿ ಭಕ್ತಿ ಬಾರದೆ ಒಂದೇ ಕಣ್ಣು ಮುಚ್ಚುತ್ತಿದ್ದವನು ನಾನು. ಗುಡ್ಡದ ನೆತ್ತಿಯಲ್ಲಿ ಕುದುರೆಯ ಪಕ್ಕೆಗೆ ಕೈಯಿಟ್ಟರೆ ಎದೆಬಡಿತ ನನ್ನ ಮೊಣಕೈವರೆಗೆ ಬರುತ್ತಿತ್ತು. ಮೊದಲ ದಿನ ನಡುದಾರಿಯಲ್ಲೇ ಏದುಸಿರು ಬಿಟ್ಟ ಪ್ರಾಣಿ, ಕೊನೆಕೊನೆಗೆ ಅದೇ ಏರನ್ನು ಒಂದೇ ಉಸುರಿಗೆ ಹತ್ತಿ, ಹಾನಗಲ್ಲಿನ ದಿಕ್ಕಿಗೆ ಕಿವಿ ನಿಮಿರಿಸಿ ನಿಲ್ಲುತ್ತಿತ್ತು. ಅಲ್ಲಿ ನನ್ನ ಎರಡೂ ಕಣ್ಣು ತಾವಾಗಿಯೇ ಮುಚ್ಚುತ್ತಿದ್ದವು.

ಒಂದು ದಿನ ಇಳಿದು ಬರುವಾಗ ದಾರಿ ಪಕ್ಕದ ಹೊಲದಲ್ಲಿ ಶೇಂಗಾ ಕೀಳುತ್ತಿದ್ದ ಹೆಂಗಸೊಬ್ಬಳು, "ಯಾಕ್ರಿ ಸಣ್ಣ ಧಣ್ಯಾರ, ಕುದುರಿ ಕೆಳಗ ಒಗೀತೈತೇನ್ರಿ?" ಎಂದಳು.

"ಸುಮ್ನಿರ," ಎಂದಳು ಇನ್ನೊಬ್ಬಳು, "ಅದಕ್ಕ ದಾರಿ ತೋರಿಸಾಕತ್ತಾರ."

ದೇಸಗತಿ ಮನೆತನದ ಘನತೆಗೆ ಪೆಟ್ಟು ಬಿತ್ತು. ಹತ್ತಿ ಕೂತು, ಗುಡ್ಡದ ಬುಡದವರೆಗೆ ಓಡಿಸಿದೆ. ಮರುದಿನ ಮುಂಗಾಲಿನ ನರ ಬಾತು, ಕುದುರೆ ಗೊರಸು ಊರಲಾರದೆ ನಿಂತಿತ್ತು.

ಕಾಕಾ ಕೇಳಿದರು. "ಸಾಬರು ಇಳಿಯುವಾಗ ಇಳೀರಿ ಅಂದ್ರು," ಎಂದೆ. "ಕುದುರಿ ಮ್ಯಾಲ ಕುಂತು ಇಳದೆ."

ದಸ್ತಗೀರಸಾಬರು ನನ್ನನ್ನು ನೋಡಿದರು — ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಇದನ್ನೆಂದೋ ಮರೆಯುತ್ತಿದ್ದೆ. "ಖರೆ ಐತ್ರಿ," ಎಂದರು. "ನಾ ಬಿಡಿಸಿ ಹೇಳಬೇಕಿತ್ತು."

ಕಾಕಾ ಅಂದೇ ಅವರನ್ನು ಕಳಿಸಿದರು. ಹೊರಡುವ ಮೊದಲು ಮುದುಕರು ಕುದುರೆಯ ಕಾಲಿಗೆ ತಣ್ಣೀರ ಪಟ್ಟಿ ಸುತ್ತಿ, ನನ್ನ ಬೆರಳು ಹಿಡಿದು ಪಟ್ಟಿಯೊಳಗೆ ತೂರಿಸಿದರು. "ಇಷ್ಟ ಸಡಿಲ ಇರಬೇಕ್ರಿ. ದಿನಾ ನೀವ ಕಟ್ರಿ."

ಕಟ್ಟಿದೆ. ಕಾಲು ನೆಟ್ಟಗಾಗಲಿಲ್ಲ. ಸವಣೂರಿನವರನ್ನು ವಿಚಾರಿಸಿದರೆ, ಆಮೇಲೆ ಯಾರೂ ಅವರ ಕೈಗೆ ಕುದುರೆ ಕೊಡಲಿಲ್ಲವಂತೆ.

ಕಾಕಾ ಇನ್ನೂ ಎಂಟು ವರ್ಷ ಇದ್ದರು. ದಿನಾ ಎರಡು ಹೊತ್ತು ಅವರ ಪಂಕ್ತಿಯಲ್ಲೇ ಕೂತು ಉಂಡೆ. ಬಾಯಿ ತೆರೆದದ್ದು ತುತ್ತಿಗೆ ಮಾತ್ರ.